ಎರಡು ಮೀಟರ್ ಇಪ್ಪತ್ನಾಲ್ಕು

ನೆಟ್ಟಿನ ಎತ್ತರ ಅದು. ಮೂವತ್ತೊಂದು ವರ್ಷ
ಒಂದೇ ಬಿದಿರುಕೋಲಲ್ಲಿ ಅಳೆದೆ,
ಗುರುತಿಗೆ ಹಚ್ಚಿದ ಉಗುರುಬಣ್ಣ ಶಮೀಮಳದು.

ಅರ್ಧ ಅಂಕಣ ಪ್ರಿನ್ಸಿಪಾಲರ ಕಾರು ತಿಂದಿತು.
ಉಳಿದರ್ಧದಲ್ಲಿ ನಿಂತು,
"ಚೆಂಡು ಹಿಡೀಬೇಡ್ರೇ, ಕಳಿಸಿ!" ಅಂತ
ಕೂಗಿ ಕೂಗಿ ಗಂಟಲು ಗಂಡಸಿನದಾಯ್ತು.

ಕಳಿಸಿದೆ.
ಒಬ್ಬಳನ್ನು ರೈಲ್ವೆಗೆ, ಇಬ್ಬರನ್ನು ಪೊಲೀಸಿಗೆ,
ಸೆಮಿಫೈನಲ್ಲಿನ ಹಿಂದಿನ ದಿನ
ವನಜಾಕ್ಷಿಯನ್ನು ಕಲ್ಯಾಣಮಂಟಪಕ್ಕೆ.
ಅವಳ ಜಾಗದಲ್ಲಿ ಆಡಿದ ಹುಡುಗಿ,
ಪಾಪ, ಹೆಸರೇ ಮರೆತಿದ್ದೇನೆ.

ನಿನ್ನೆ ಶಿವಾಜಿನಗರದ ಬಸ್ಸಲ್ಲಿ ಕಂಡಕ್ಟರಮ್ಮ
ಸೊನ್ನೆ ರೂಪಾಯಿ ಟಿಕೆಟ್ ಹರಿದು
ಹತ್ತೂ ಬೆರಳ ತುದಿಯಲ್ಲಿ ಎತ್ತಿಕೊಟ್ಟಳು,
ಅಂಗೈಗೆ ತಾಗಿಸದೆ.

ಸೆಟ್ಟರ್ ಕೈ!

ನಾನು ಬಾಯಿ ತೆರೆಯುವಷ್ಟರಲ್ಲಿ
ಬೆನ್ನು ತಿರುಗಿಸಿ ಸೀಟಿ ಊದಿದಳು.
ನನ್ನ ಮುದಿ ಮೊಣಕಾಲು
ತಾನಾಗಿ ಬಾಗಿ ಸಿದ್ಧವಾಯ್ತು.