ಮೀಸೆ ಮಣ್ಣಾಗದ ಹುಡುಗ

ಡೆಲ್ಮರನಿಗೆ ಹದಿನಾಲ್ಕು. ನನಗೆ ಮೂವತ್ತೊಂದು.
ಹೆಗಲಳತೆ ಒಂದೇ, ಬೂಟಿನಳತೆ ಒಂದೇ,
ಎದೆಗೆ ನಾಲ್ಕು ಸುತ್ತು ಬಟ್ಟೆ ಬಿಗಿದರೆ
ದೂರಕ್ಕೆ ನಾನೇ ಆ ಹುಡುಗ.
ಹತ್ತಿರಕ್ಕೆ ಅವನಿದ್ದಾನೆ.
ನಗುವುದು ಅವನು, ಟೋಪಿ ಎತ್ತುವುದು ಅವನು,
ಕುದುರೆಯ ಕಿವಿಯಲ್ಲಿ ಗುಟ್ಟು ಹೇಳುವುದೂ ಅವನೇ.
ಬೀಳುವುದು ನಾನು.

ಹನ್ನೆರಡು ಶನಿವಾರ, ಹನ್ನೆರಡು ಕಂತು.
ಪ್ರತಿ ಕಂತಿನ ತುದಿಗೂ ಅವನು ಸಾಯಬೇಕು,
ಮುಂದಿನ ವಾರ, ಇಲ್ಲ, ಸತ್ತಿರಲಿಲ್ಲ ಅನ್ನಬೇಕು.
ಉರಿಯುವ ಗಿರಣಿ. ಹಗ್ಗ ಹರಿದ ತೂಗುಸೇತುವೆ.
ಬೆದರಿ ನುಗ್ಗುವ ದನ: ಕರೆಸಿದ್ದು ನಲವತ್ತು,
ತೆರೆಯ ಮೇಲೆ ನಾನೂರು.
‘ಇನ್ನೊಂದು ಸಲ ಆರ್ವಿಲ್ಲಾ, ಮೋಡ ಅಡ್ಡ ಬಂತು’
ಅನ್ನುವನು ಸ್ಪ್ರಾಗ್, ಕಾಫಿ ಲೋಟದೊಳಕ್ಕೆ ನೋಡುತ್ತ.
ಮೋಡಕ್ಕೇನು, ಪುಕ್ಕಟೆ.
ಬಿದ್ದರೂ ಮೀಸೆ ಮಣ್ಣಾಗಬಾರದು ಹುಡುಗನದು,
ಅವನಿಗಿನ್ನೂ ಮೀಸೆಯೇ ಇಲ್ಲ.
ನನಗೂ ಇಲ್ಲ. ಮಣ್ಣು ಮಾತ್ರ
ವಾರಗಟ್ಟಲೆ ನನ್ನ ಹಲ್ಲಿನ ಸಂದಿಯಲ್ಲಿ.

ಮೂರನೆಯ ಕಂತಿನಲ್ಲಿ ಮುಂಗೈ ಮುರಿಯಿತು.
ಪ್ಲಾಸ್ಟರು ಕಾಣಬಾರದೆಂದು ನನಗೊಂದು ಜೊತೆ
ಮೊಣಕೈವರೆಗಿನ ಚರ್ಮದ ಕೈಗವಸು;
ನಾನು ಅವನಾದ್ದರಿಂದ ಅವನಿಗೂ ಒಂದು ಜೊತೆ.
ಯಾಕೆಂದು ಕಥೆ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.
ಆ ಬೇಸಿಗೆ ಬೇಕರ್ಸ್‌ಫೀಲ್ಡಿನ ಗಲ್ಲಿಗಲ್ಲಿಯಲ್ಲಿ
ಹುಡುಗರೆಲ್ಲ ಬೆವರುತ್ತ ಕೈಗವಸು ತೊಟ್ಟರು.
ವೆಂಡಲನಿಗೂ ಬೇಕು. ಹಟ, ಅಳು, ಊಟ ಬಿಟ್ಟ.
ಗಿರಣಿಯಿಂದ ಹಾರಿದ ದುಡ್ಡಿನಲ್ಲಿ
ಕೊಂಡುತಂದೆ, ಒಂದಳತೆ ದೊಡ್ಡದು,
ಮುಂದಿನ ವರ್ಷಕ್ಕೂ ಆಗಲೆಂದು.

ಅಮ್ಮ ಹೊಲಿಗೆ ವಿಭಾಗದಲ್ಲಿದ್ದಾಳೆ, ಮುಂಗೈ
ಮೆಟ್ಟಿಲಲ್ಲಿ ಜಾರಿ ಮುರಿಯಿತು. ಅವನಿಗೆ ಗೊತ್ತಿರುವುದು ಇಷ್ಟು.
ಕಂಪನಿಯ ಕಾಗದದಲ್ಲಿ ಬರೆದಿತ್ತು: ಹೇಳಕೂಡದು.
ನಾಯಕ ಒಬ್ಬನೇ. ಅವನು ಹೆಂಗಸಲ್ಲ.

ಹನ್ನೊಂದನೆಯದಕ್ಕೆ ನಾನೂ ಹೋದೆ,
ಒಂಬತ್ತು ಸೆಂಟು ಅವನಿಗೆ, ನನಗೆ ಇಪ್ಪತ್ತೈದು.
ಗಾಡಿ ಬಂಡೆಯಂಚು ದಾಟಿತು. ಸಾಲುಸಾಲೇ ಕಿರುಚಿತು.
ವೆಂಡಲ್ ಮಾತ್ರ ಕಡಲೆಕಾಯಿ ಸುಲಿಯುತ್ತ
ನನ್ನ ತೊಡೆ ತಟ್ಟಿ ಧೈರ್ಯ ಹೇಳಿದ:
‘ಹೆದರಬೇಡಮ್ಮ, ಅಂಚಿಗೆ ಮೊದಲೇ ಹಾರಿರ್ತಾನೆ.
ಮುಂದಿನ ವಾರ ತೋರಿಸ್ತಾರೆ ನೋಡು.’
ತೋರಿಸಿದರು ಕೂಡ.
ಆದರೆ ಆ ಗಾಡಿಯಲ್ಲಿ ನಾನಿದ್ದೆ.
ಮೊದಲೇ ಹಾರಿರಲಿಲ್ಲ. ಲಗಾಮು ಬೂಟಿಗೆ ಸಿಕ್ಕಿ
ಒಂದು ಕ್ಷಣ ತಡವಾಯಿತು.
ಆ ಕ್ಷಣವನ್ನು ಕತ್ತರಿಸಿ ಎಲ್ಲಿ ಬಿಸಾಡಿದರೋ,
ಈಗಲೂ ಕೆಲವು ರಾತ್ರಿ ನನ್ನ ಕಾಲಿಗೆ ತೊಡರುತ್ತದೆ.

ಮನೆಗೆ ಬರುವಾಗ ಪಕ್ಕದವರ ಬೇಲಿ ಹತ್ತಿದ,
ಕೈಗವಸು ಬೆರಳ ತುದಿಯಲ್ಲಿ ಜೋಲಾಡುತ್ತಿತ್ತು.
ಧೊಪ್ಪನೆ ಹುಲ್ಲಿಗೆ ಬಿದ್ದು
‘ಅವನ ಥರಾನೇ ಬಿದ್ದೆನಾ?’ ಅಂದ.
‘ಗಲ್ಲ ಎದೆಗೊತ್ತಿಕೊ. ಎಡ ಭುಜ ಮೊದಲು’ ಅಂದೆ,
ಬಾಯಿ ತಪ್ಪಿ.
‘ನಿನಗೇನು ಗೊತ್ತು!’
ಹೌದಲ್ಲ ಅಂದುಕೊಂಡು ಬಾಗಿಲ ಬೀಗ ತೆಗೆಯುತ್ತಿದ್ದೆ.
ಹಿಂದೆ ಬೇಲಿ ಮತ್ತೆ ಕಿರುಗುಟ್ಟಿತು. ತಿರುಗಿದೆ:
ಗಲ್ಲ ಒತ್ತಿಕೊಂಡಿದ್ದ.