ಸುಳ್ಳು ಬೆಟ್ಟ

ನನ್ನ ಕೆಲಸ ಬೆಟ್ಟ ಕಟ್ಟುವುದು.
ಹೊಸೂರು ಸಿಪ್ಕಾಟಿನ ಒಳರಸ್ತೆಯಲ್ಲಿ,
ಕಿಟಕಿಯಿಲ್ಲದ ತಣ್ಣನೆ ಕೋಣೆಯಲ್ಲಿ,
ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಬಿಗಿದುಕೊಂಡು
ಬೆಳಿಗ್ಗೆ ಎಂಟಕ್ಕೆ ಒಂದು, ಟೀ ಆದಮೇಲೆ ಎರಡು:
ಕಲ್ಲಿಲ್ಲದ, ಮಣ್ಣಿಲ್ಲದ,
ಒಂದು ಲಂಟಾನ ಗಿಡವೂ ಇಲ್ಲದ ಬೆಟ್ಟ.

ಮೇಜಿನ ಮೇಲೆ ವಿಮಾನದಿಂದ ಬಿಚ್ಚಿ ತಂದ ಪೆಟ್ಟಿಗೆ,
ನನ್ನ ಊಟದ ಕ್ಯಾರಿಯರಿಗಿಂತ ತುಸು ದೊಡ್ಡದು.
ಅದಕ್ಕೆ ಹೇಳುತ್ತೇನೆ: ನೀನೀಗ ಮೋಡದೊಳಗಿದ್ದೀಯ.
ನೆಲ ಎರಡು ಸಾವಿರ ಅಡಿ ಕೆಳಗೆ.
ಸಾವಿರದಿನ್ನೂರು. ಎಂಟುನೂರು.
ನಾಬ್ ತಿರುಗಿಸಿದಷ್ಟೂ ಬೆಟ್ಟ ಮೇಲೇಳುತ್ತದೆ,
ಪೆಟ್ಟಿಗೆ ನಂಬುತ್ತದೆ, ಪಾಪ.
ಮೊದಲು ‘ಟೆರೇನ್, ಟೆರೇನ್’,
ಪಕ್ಕದ ಮನೆಯವಳು ಹಾಲು ಉಕ್ಕಿತು ಕಣೇ ಅಂದ ಹಾಗೆ.
ಆಮೇಲೆ ‘ಪುಲ್ ಅಪ್!’
ಆ ದನಿಗೆ ಹೆದರಿಕೆ ಗೊತ್ತಿಲ್ಲ, ಹೆದರಿಸುವುದಷ್ಟೇ ಗೊತ್ತು.
ಸುಮ್ಮಸುಮ್ಮನೆ ಕೂಗಿದರೂ ತಪ್ಪು;
ತೋಳ ಬಂತು ತೋಳ ಎಂದವನ ಪಾಡು ಪೈಲಟ್ಟಿಗೂ ಗೊತ್ತು.

ನಮ್ಮಪ್ಪ ತಿಮ್ಮರಾಯ ಹತ್ತೊಂಬತ್ತು ವರ್ಷ ಲಾರಿ ಕ್ಲೀನರು.
ಬಾಷು ಸಾಬರ ಹತ್ತು ಚಕ್ರದ ಗಾಡಿ, ಶೂಲಗಿರಿಯ ಕಲ್ಲು.
ರಿವರ್ಸಿನಲ್ಲಿ ಅಪ್ಪನ ಅಂಗೈಯೇ ಸಾಬರ ಬೆನ್ನಕಣ್ಣು:
ಎರಡು ತಟ್ಟಿದರೆ ಬಾ. ಒಂದೇ ತಟ್ಟಿದರೆ ನಿಲ್ಲು.
ಸಾಬರು ಉರ್ದುವಿನಲ್ಲಿ ಬೈದರೆ ಅಪ್ಪನ ಉತ್ತರ ತೆಲುಗಿನಲ್ಲಿ,
ದಾರಿಯ ಬೋರ್ಡು ತಮಿಳು, ಕೈಮುಗಿಯುವುದು ಕನ್ನಡ;
ತಗಡಿನ ಮೇಲೆ ಬಿದ್ದ ಅಂಗೈಗೆ ಮಾತ್ರ ಯಾವ ಭಾಷೆಯೂ ಇರಲಿಲ್ಲ.

ಒಂದು ರಾತ್ರಿ ತೊಪ್ಪೂರು ಘಾಟಿಯಲ್ಲಿ ಮಂಜು.
ಕೆಟ್ಟು ನಿಂತ ಗಾಡಿಗೆ ದಾರಿ ಬಿಡಲು ಹಿಂದಕ್ಕೆ, ಹಿಂದಕ್ಕೆ,
ಒಂದು ಸಲ ತಟ್ಟಿದನಂತೆ.
ಸಾಬರು ಯಾಕೆಂದು ಕೇಳಲಿಲ್ಲ.
ಬ್ರೇಕು ಮೊದಲು, ಬೈಗುಳ ಆಮೇಲೆ.
ಬೆಳಕಾದ ಮೇಲೆ ನೋಡಿದರೆ ಚಕ್ರದಾಚೆ ಮೊಳದಷ್ಟು ನೆಲ,
ಅದರಾಚೆ ಯಾರದೋ ಟೊಮೆಟೊ ತೋಟ,
ತುಂಬ ಕೆಳಗೆ.

ಮಧ್ಯಾಹ್ನ ಬೇರೆ ಜಾತಿಯ ಪೆಟ್ಟಿಗೆ.
ಅದಕ್ಕೆ ಬೆಟ್ಟ ಬೇಡ, ಎದುರಿಗೊಂದು ವಿಮಾನ ಬೇಕು.
ನಮ್ಮ ಓಣಿಯಲ್ಲಿ ಹುಣಸೆಹಣ್ಣಿನವಳು ಬುಟ್ಟಿ ಹೊತ್ತು ಎದುರಾದರೆ
ನಾನು ಎಡಕ್ಕೆ, ಅವಳೂ ಎಡಕ್ಕೆ,
ನಾನು ಬಲಕ್ಕೆ, ಅಯ್ಯೋ ಅವಳೂ.
ಇಬ್ಬರೂ ನಗುತ್ತೇವೆ.
ಆಕಾಶದಲ್ಲಿ ನಗುವಷ್ಟು ಪುರುಸೊತ್ತಿಲ್ಲ.
ಅದಕ್ಕೇ ಪೆಟ್ಟಿಗೆಗಳು ಮೊದಲೇ ಪಿಸುಗುಟ್ಟಿಕೊಳ್ಳುತ್ತವೆ:
ನಾನು ಏರುತ್ತೇನೆ, ನೀನು ಇಳಿ.
ಎರಡೂ ಒಂದೇ ಹಟ ಹಿಡಿದರೆ
ಯಾರ ನಂಬರು ಚಿಕ್ಕದೋ ಅವರ ಮಾತು ನಡೆಯುತ್ತದೆ.
ನೆಲದಿಂದ ಯಾರು ಏನೇ ಕೂಗಲಿ, ಆ ಗಳಿಗೆಗೆ ಪೆಟ್ಟಿಗೆಯದೇ ಮಾತು.

ಹೋದ ಗುರುವಾರ ಒಂದು ಪೆಟ್ಟಿಗೆ ಸುಮ್ಮನಿತ್ತು.
ಐನೂರು. ಮುನ್ನೂರು.
ಬೆಟ್ಟವನ್ನು ಅದರ ಮೂಗಿಗೇ ಹಿಡಿದೆ.
ಎಸಿಯ ಸದ್ದು ಬಿಟ್ಟರೆ ಏನಿಲ್ಲ.
ಇಳಂಗೋ ಸಾರ್ ಬಂದು ಕನೆಕ್ಟರ್ ಅಲ್ಲಾಡಿಸಿ
‘ಇನ್ನೊಂದ್ಸಲ ಹಾಕಮ್ಮ’ ಎಂದರು.
ಕೂಗಿತು. ಮೂರನೆಯ ಸಲವೂ ಕೂಗಿತು,
ಏನೂ ಆಗಿಲ್ಲವೆಂಬಂತೆ.
ನಾನು ಕೆಂಪು ಚೀಟಿ ಅಂಟಿಸಿದೆ.
‘ಸರಿಯಾಯ್ತಲ್ಲಮ್ಮ?’
ಮೊದಲನೇ ಬೆಟ್ಟಕ್ಕೆ ಯಾರು ಸಾರ್ ಉತ್ತರ ಕೊಡೋದು, ಎಂದೆ.
ಅವರು ಗಡಿಯಾರ ನೋಡಿದರು, ನಾಲ್ಕಕ್ಕೆ ಕೊರಿಯರ್.
ಚೀಟಿ ಕೀಳಲಿಲ್ಲ.

ಸಂಜೆ ಕಣ್ಣಾಸ್ಪತ್ರೆಯಿಂದ ಅಪ್ಪನನ್ನು ಸ್ಕೂಟರಿನಲ್ಲಿ ತರುತ್ತಿದ್ದೆ.
ಬಲಗಣ್ಣಿಗೆ ಹಸಿರು ಬಟ್ಟೆ.
ಜೂಜುವಾಡಿಯ ತಿರುವಿನಲ್ಲಿ ಭುಜದ ಮೇಲೆ ಅಂಗೈ ಬಿತ್ತು,
ಒಂದು ಸಲ.
ಬ್ರೇಕು ಹಾಕಿದೆ. ಹಿಂದಿನವರು ನಾಲ್ಕು ಭಾಷೆಯಲ್ಲಿ ಬೈದರು.
ಏನೂ ಬರಲಿಲ್ಲ. ಖಾಲಿ ರಸ್ತೆ, ಒಂದು ಪ್ಲಾಸ್ಟಿಕ್ ಚೀಲ.
‘ಏನಪ್ಪಾ?’
‘ಏನೋ ಬಂದಂಗಾಯ್ತು.’

ಮೇಲೆ ಬೆಂಗಳೂರಿಗೆ ತಿರುಗುತ್ತಿದ್ದ ವಿಮಾನದ ದೀಪ,
ಅದರ ಹೊಟ್ಟೆಯಲ್ಲಿ ನನ್ನ ಯಾವ ಬೆಟ್ಟವೋ.
ಅಪ್ಪನ ಕೈ ಇನ್ನೂ ಭುಜದ ಮೇಲೇ ಇತ್ತು.
ಎರಡು ಸಲ ತಟ್ಟಲಿ ಎಂದು
ಕಾದೆ.