ಮೂರು ನೋಡ್

ಮೊಂಬಾಸಾದ ಹಳೇಪೇಟೆ. ರಾತ್ರಿ ಒಂದೂ ಹತ್ತು.
ಕರೆಂಟು ಹೋಗಿ ಅರ್ಧ ಗಂಟೆ.
ಲ್ಯಾಪ್‌ಟಾಪಿನಲ್ಲಿ ಉಳಿದದ್ದು ನೂರಕ್ಕೆ ಮೂವತ್ತೊಂದು.
ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟರೆ ಮಾತ್ರ
ಇಂಟರ್ನೆಟ್ಟು ಒಳಗೆ ಬರುತ್ತದೆ, ಬೆಕ್ಕಿನ ಹಾಗೆ.

ಝುಹೂರಾಳ ಎದುರು ಕರೀ ತೆರೆ.
ಗುಂಡಿಯಿಲ್ಲ, ಚಿತ್ರವಿಲ್ಲ, ಮಿಟುಕುವ ಒಂದೇ ಗೆರೆ:
ಏನಮ್ಮಾ ಬೇಕು, ಬೇಗ ಹೇಳು.

ಹೆಸರು ಮೊದಲು.
ದೊಡ್ಡಕ್ಷರ ಕೂಡದು, ಜಾಗ ಬಿಡಕೂಡದು,
ಪದಕ್ಕೂ ಪದಕ್ಕೂ ನಡುವೆ ಅಡ್ಡಗೆರೆ.
ಬೆಯ್-ಯಾ-ಸಮಾಕಿ, ಅಂತ ಒತ್ತಿದಳು. ಮೀನಿನ ಬೆಲೆ.

ಆಮೇಲೆ ಊರು.
ಪಟ್ಟಿಯಲ್ಲಿ ಅವಳ ಊರಿಲ್ಲ, ಪಕ್ಕದ್ದೂ ಇಲ್ಲ.
ಇದ್ದುದರಲ್ಲಿ ಹತ್ತಿರದ್ದು ದುಬಾರಿ,
ಅಗ್ಗದ್ದು ಹಿಮ ಬೀಳುವ ಕಡೆ.
ಹಿಮವೇ ಇರಲಿ.

ಎಷ್ಟು ಯಂತ್ರ? ನಾಲ್ಕು ಅಂದಳು.
ನಿನ್ನ ಮಿತಿ ಮೀರಿತು, ಎಂದಿತು ಕೆಂಪಕ್ಷರ.
ಮೂರು ಅಂದಳು. ಸುಮ್ಮನಾಯಿತು.
ಎಂಟು ನಿಮಿಷ ಹಿಡಿಯುತ್ತದೆ:
ಚುಕ್ಕಿ, ಚುಕ್ಕಿ, ಚುಕ್ಕಿ.

ಇಷ್ಟೆಲ್ಲ ಯಾಕೆಂದರೆ,
ಬೆಳಗಿನ ಐದಕ್ಕೆ ದೋಣಿ ದಡ ಮುಟ್ಟುವಾಗ
ಮೀನು ಕರಿದು ಮಾರುವ ನಾನೂರು ಹೆಂಗಸರು
ಒಂದೇ ಉಸಿರಿಗೆ ಬೆಲೆ ಕೇಳುತ್ತಾರೆ.
ಇದ್ದ ಒಂಟಿ ಯಂತ್ರ
ಐದೂ ನಾಲ್ಕಕ್ಕೆ ಕವುಚಿ ಬಿದ್ದರೆ
ಏಳುವುದು ಏಳಕ್ಕೆ.
ಅಷ್ಟರಲ್ಲಿ ದಲ್ಲಾಳಿ ಹೇಳಿದ್ದೇ ಬೆಲೆ.

ಸೋದರತ್ತೆ ಮ್ವನಕೊಂಬೊ ಎದ್ದಾಳೆ, ಇದ್ದಿಲು ಆರಿಸುತ್ತ.
‘ಏನು ಕಾಯ್ತಾ ಕೂತಿದ್ದೀ?’
‘ಮೂರು ಯಂತ್ರ, ಅತ್ತೆ. ದೂರ ದೇಶದಲ್ಲಿ.’
‘ಯಾರವು?’
‘ಅವರವು.’
‘ನಡುರಾತ್ರಿ ಕೆಟ್ಟರೆ?’
‘ಒಂದು ಬಿದ್ದರೆ ಅದರ ಹೊರೆ ಉಳಿದವಕ್ಕೆ.
ಹೊರಿಸೋ ತಲೆ ಅವರದು. ನಾವು ಗಂಟೆಗಿಷ್ಟು ಅಂತ ಕಟ್ಟಬೇಕು.’
‘ಯಾರೂ ಬೆಲೆ ಕೇಳದ ಗಂಟೆಗೂ?’
‘ಅದಕ್ಕೂ.’
‘ದೋಣಿಯವನೂ ಹಾಗೇ,’ ಅಂದಳು ಅತ್ತೆ,
‘ಬಲೆ ಬರಿದಾದರೂ ಪಾಲು ಬಿಡ.’
ಎರಡು ಇದ್ದಿಲು ಎತ್ತಿಟ್ಟು, ತಿರುಗದೆ ಕೇಳಿದಳು:
‘ನೀನು ನನ್ನ ಹತ್ತಿರ ಎಷ್ಟು ಇಸ್ಕೋತೀ?’

ಗಾತ್ರಕ್ಕೆ, ಊರಿಗೆ, ಸಂಖ್ಯೆಗೆ, ಎಲ್ಲಕ್ಕೂ
ಆ ಸಾಲಿನಲ್ಲಿ ಒಂದೊಂದು ಜಾಗವಿತ್ತು.
ಇದಕ್ಕಿರಲಿಲ್ಲ.

ಬ್ಯಾಟರಿ ಹತ್ತೊಂಬತ್ತು.
ಒಂಬತ್ತನೇ ನಿಮಿಷಕ್ಕೆ ಚುಕ್ಕಿ ನಿಂತು ಬೀಗದ ಕೈ ಬಂತು.
ಝುಹೂರಾ ಕೇಳಿದಳು, ನೋಡ್‌ಗಳೆಷ್ಟು ತೋರಿಸು.
(ನೋಡ್ ಎಂದರೆ ನನ್ನ ಭಾಷೆಯಲ್ಲಿ ಕಣ್ಣಿನ ಕೆಲಸ.
ಅವಳಿಗದು ಗೊತ್ತಿಲ್ಲ, ನನಗೆ ಬಿಡಲಾಗುವುದಿಲ್ಲ.)

ಸಿದ್ಧ.
ಸಿದ್ಧ.
ಇನ್ನೂ ಇಲ್ಲ.

ಅತ್ತೆ ಕನ್ನಡಕ ಮೇಲೇರಿಸಿ ಬಗ್ಗಿದಳು.
‘ಕೊನೇದು ಯಾಕೆ ಎದ್ದಿಲ್ಲ?’
‘ವಯಸ್ಸು ನೋಡು, ಬರೆದಿದೆ: ನಲವತ್ತೊಂದು ಸೆಕೆಂಡು.’
‘ಅಯ್ಯೋ, ಹಸುಗೂಸು,’ ಅಂದಳು ಅತ್ತೆ,
ಇದ್ದಿಲ ಕೈಯನ್ನು ಲುಂಗಿಗೆ ಒರೆಸಿಕೊಂಡು
ತೆರೆಯ ಆ ಸಾಲನ್ನು ಮುಟ್ಟಿ ನೋಡಿದಳು.
ಒಂದು ಕರೀ ಬೆರಳಚ್ಚು ಉಳಿಯಿತು.
ಅದರ ಕೆಳಗೇ ಸಾಲು ಬದಲಾಯಿತು: ಸಿದ್ಧ.

ಆಮೇಲೆ ಪಾಡ್‌ಗಳು ಒಂದೊಂದಾಗಿ ಎದ್ದು
ತಮ್ಮ ಪಾಡಿಗೆ ತಾವು ದುಡಿಯತೊಡಗಿದವು.
ಝುಹೂರಾ ಮಲಗಲಿಲ್ಲ. ಹೋದ ತಿಂಗಳು
ಪರೀಕ್ಷೆಗೆ ಕಟ್ಟಿದ್ದನ್ನು ಕೆಡವಲು ಮರೆತು
ಇಪ್ಪತ್ತೆರಡು ದಿನದ ಬಾಡಿಗೆ ತೆತ್ತವಳು;
ಕಟ್ಟುವ ಆಜ್ಞೆಯ ಕೆಳಗೇ ಕೆಡವುವ ಆಜ್ಞೆ ಬರೆದಿಟ್ಟು,
ಒತ್ತದೆ ಕೂತಳು.

ಐದೂ ನಾಲ್ಕು.
ಐದೂ ಐದು.
ದಡದಲ್ಲಿ ನಾನೂರು ಫೋನು ಒಟ್ಟಿಗೆ ಚಿಂವ್ ಎಂದವು.
ತಾಸಿ ಮೀನು, ಕಿಲೋಗೆ ಇಷ್ಟು.

ಮ್ವನಕೊಂಬೊ ಫೋನು ತೆಗೆಯಲಿಲ್ಲ.
ದಲ್ಲಾಳಿಯ ಬುಟ್ಟಿಗೆ ಕೈಹಾಕಿ
ಒಂದರ ಕಿವಿರು ಎತ್ತಿ, ಕೆಂಪು ನೋಡಿ,
ಮೂಗಿಗೆ ಹಿಡಿದು,
ಆಮೇಲೆ, ಸೊಂಟದಿಂದ ನಿಧಾನ ಎಳೆದು,
ನೋಡಿದಳು.